ಸೀಲ್ ಮರಿಗಳೂ ಡಲ್ಲಾಸಿನ ಮಳೆಯೂ

ಆ ದಿನದ ನನ್ನ ಡೈರಿಯಲ್ಲಿ ಇರುವುದು ಹವಾಮಾನ ಮಾತ್ರ. ಬೆಳಿಗ್ಗೆ ಹ್ಯೂಸ್ಟನ್‌ನಲ್ಲಿ ಆಗ್ನೇಯದ ಗಾಳಿ, ಸೆಕೆ. ಮಧ್ಯಾಹ್ನದ ಮೇಲೆ ಗುಡುಗು. ಸಂಜೆ ಡಲ್ಲಾಸ್‌ನಲ್ಲಿ ಮಳೆ ನಿಂತಿತ್ತು. ಇಷ್ಟೇ. ಎರಡು ವರ್ಷದ ಮೇಲೆ ಮಗಳನ್ನು ಕಂಡ ದಿನ ಅದು. ಅವಳ ಬಗ್ಗೆ ಒಂದು ಅಕ್ಷರವೂ ಇಲ್ಲ.

ಯಾಕೆ ಬರೆಯಲಿಲ್ಲ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಆ ಕಾಲದಲ್ಲಿ ನನಗೆ ಏನೂ ಅನ್ನಿಸುತ್ತಿರಲಿಲ್ಲ ಎನ್ನುವುದು ಒಂದು ಉತ್ತರ. ದಿನವೂ ಮೊದಲು ಗಾಳಿಯ ದಿಕ್ಕನ್ನು ಬರೆದುಕೊಳ್ಳುವುದು ಕೆಲಸದಿಂದ ಅಂಟಿಕೊಂಡ ಅಭ್ಯಾಸವಾಗಿತ್ತು, ಅದನ್ನು ಬರೆದರೆ ದಿನ ಮುಗಿದ ಹಾಗೆ ಅನ್ನಿಸುತ್ತಿತ್ತು ಎನ್ನುವುದು ಇನ್ನೊಂದು. ಹೇಗೂ ಇರಲಿ, ಇಲ್ಲಿ ಹೇಳುವುದರಲ್ಲಿ ಹವಾಮಾನವನ್ನು ನಂಬಬಹುದು. ಉಳಿದದ್ದು ನನ್ನ ನೆನಪು, ಅಲ್ಲಲ್ಲಿ ಗಂಡನದು, ಅತ್ತೆಯದು. ಎಲ್ಲ ಕಡೆ ತಾಳೆಯಾಗುವುದಿಲ್ಲ.

ಮದುವೆಯಾಗಿ ತೊಂಬತ್ತೆಂಟರಲ್ಲಿ ಡಲ್ಲಾಸ್‌ಗೆ ಬಂದೆ. ಮೈಸೂರಿನಲ್ಲಿ ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ್ದೆ. ಗಂಡನ ವೀಸಾದ ಮೇಲೆ ಬಂದವರು ಕೆಲಸ ಮಾಡುವ ಹಾಗಿರಲಿಲ್ಲ, ಓದಬಹುದಿತ್ತು. ಒಂದು ವರ್ಷ ಅಪಾರ್ಟ್‌ಮೆಂಟಿನ ಕಿಟಕಿಯಿಂದ ಪಾರ್ಕಿಂಗ್ ಲಾಟ್ ನೋಡಿದ ಮೇಲೆ ಆಸ್ಟಿನ್‌ನ ಒಂದು ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದೆ. ಸೀಟು ಸಿಕ್ಕಿತು, ವೀಸಾ ಬದಲಾಯಿಸಿಕೊಂಡೆ, ಇಬ್ಬರೂ ಆಸ್ಟಿನ್‌ಗೆ ಶಿಫ್ಟ್ ಆದೆವು. ನನಗೆ ಕೊಟ್ಟ ಕೆಲಸ ಸೀಲ್ ಮರಿಗಳದ್ದು.

ಟೆಕ್ಸಸ್‌ನಲ್ಲಿ ಕುಳಿತು ಸೀಲ್ ಮರಿಗಳ ಕೆಲಸವೇ ಎಂದು ನಕ್ಕವರು ಬಹಳ. ನಾನು ಆ ಕಡಲ ಪ್ರಾಣಿಯನ್ನು ಆಗ ಕಣ್ಣಾರೆ ಕಂಡೇ ಇರಲಿಲ್ಲ. ದೂರದ ಉತ್ತರದಲ್ಲಿ, ಅಲಾಸ್ಕಾದ ಪಶ್ಚಿಮಕ್ಕೆ, ಕಲ್ಲಿನ ದಡದ ದ್ವೀಪಗಳಿವೆ. ಬೇಸಿಗೆಯಲ್ಲಿ ಅಲ್ಲಿ ತುಪ್ಪುಳದ ಸೀಲ್‌ಗಳು ಮರಿ ಹಾಕುತ್ತವೆ. ತಾಯಿ ಸಮುದ್ರಕ್ಕೆ ಹೋಗಿ ಮೀನು ತಿಂದು ಬಂದು ಹಾಲು ಕೊಡುತ್ತದೆ, ಮತ್ತೆ ಹೋಗುತ್ತದೆ, ಬರುತ್ತದೆ. ಚಳಿ ಹತ್ತಿರವಾದಾಗ ಈ ಹೋಗಿಬರುವುದು ಒಂದು ದಿನ ನಿಂತುಬಿಡುತ್ತದೆ. ಆಮೇಲೆ ಮರಿ ಒಂಟಿಯಾಗಿ ನೀರಿಗಿಳಿದು ದಕ್ಷಿಣಕ್ಕೆ, ಪೆಸಿಫಿಕ್ ಮಹಾಸಾಗರದ ಕಡೆ ಹೊರಡುತ್ತದೆ. ದಾರಿ ತೋರಿಸಲು ದೊಡ್ಡವು ಯಾವುವೂ ಜೊತೆಗಿರುವುದಿಲ್ಲ. ಒಂದೆರಡು ವರ್ಷ ಅದು ನೆಲವನ್ನೇ ಮುಟ್ಟದೆ ಇರಬಹುದು. ಹೊರಡುವ ಮೊದಲು ಕೆಲವು ಮರಿಗಳನ್ನು ಹಿಡಿದು ಬೆನ್ನಿನ ತುಪ್ಪುಳಕ್ಕೆ ಒಂದು ಸಣ್ಣ ಯಂತ್ರ ಅಂಟಿಸುತ್ತಿದ್ದರು. ಮರಿ ಉಸಿರಾಡಲು ನೀರಿನ ಮೇಲೆ ಬಂದಾಗ ಯಂತ್ರ ಉಪಗ್ರಹಕ್ಕೆ ಸಂಕೇತ ಕಳಿಸುತ್ತಿತ್ತು. ಎಲ್ಲಿದೆ ಎನ್ನುವ ಅಂಕಿಗಳು ಸುತ್ತು ಬಳಸಿ ಕೊನೆಗೆ ನನ್ನ ಕಂಪ್ಯೂಟರಿಗೆ ಬರುತ್ತಿದ್ದವು.

ನನ್ನ ಕೆಲಸ, ಆ ಅಂಕಿಗಳ ಪಕ್ಕದಲ್ಲಿ ಅದೇ ಹೊತ್ತಿನ ಗಾಳಿ ಮತ್ತು ವಾಯುಭಾರದ ಅಂಕಿಗಳನ್ನು ಇಟ್ಟು ನೋಡುವುದು. ಮರಿ ತಾನಾಗಿ ಹೋಗುತ್ತಿದೆಯೋ ಗಾಳಿ ಒಯ್ಯುತ್ತಿದೆಯೋ ಎನ್ನುವುದು ಪ್ರಶ್ನೆ. ಸಮುದ್ರ ಶಾಂತವಾಗಿದ್ದ ದಿನಗಳಲ್ಲಿ ಪರದೆಯ ಮೇಲೆ ಅವುಗಳ ದಾರಿಗಳು ಕೆದರಿದ ದಾರದ ಹಾಗಿರುತ್ತಿದ್ದವು. ದೊಡ್ಡ ಬಿರುಗಾಳಿ ಹಾದುಹೋದಾಗ, ಒಂದಕ್ಕೊಂದು ಎಷ್ಟೋ ದೂರವಿದ್ದ ಮರಿಗಳು ಒಂದೇ ಕಡೆಗೆ ವಾಲಿದಂತೆ ಕಾಣುತ್ತಿತ್ತು. ಹಗುರಾದ ಮರಿಗಳು ಇನ್ನಷ್ಟು. ಕಾಣುತ್ತಿತ್ತು ಎಂದೇ ಬರೆಯಬೇಕು. ನನ್ನ ಪ್ರೊಫೆಸರ್, ಅರವತ್ತರ ಹತ್ತಿರದ ಅಮೆರಿಕನ್ ಹೆಂಗಸು, ಆ ಒಂದು ಪದವನ್ನು ನನ್ನ ವರದಿಗಳಿಂದ ಎಂದೂ ತೆಗೆಯಗೊಡುತ್ತಿರಲಿಲ್ಲ.

ಅವರಿಂದ ಕಲಿತ ಇನ್ನೆರಡು ವಿಷಯ ಹೇಳಬೇಕು. ಸಂಕೇತ ಬರುವುದು ನಿಂತರೆ ಮರಿ ಸತ್ತಿತು ಎಂದು ನಾವು ಬರೆಯುತ್ತಿರಲಿಲ್ಲ. ಯಂತ್ರ ಕಳಚಿ ಬಿದ್ದಿರಬಹುದು, ಬ್ಯಾಟರಿ ಮುಗಿದಿರಬಹುದು. ‘ಸಂಕೇತ ನಿಂತಿತು’ ಎಂದಷ್ಟೇ ಬರೆಯುವುದು.

ಇನ್ನೊಂದು, ತಪ್ಪು ಬಿಂದುಗಳನ್ನು ತೆಗೆಯುವ ಕ್ರಮ. ಉಪಗ್ರಹ ಕೆಲವೊಮ್ಮೆ ಮರಿಯನ್ನು ಎಲ್ಲೋ ತೋರಿಸಿಬಿಡುತ್ತದೆ. ಒಂದು ಗಂಟೆಯಲ್ಲಿ ಮರಿ ಇಷ್ಟು ದೂರಕ್ಕಿಂತ ಹೆಚ್ಚು ಈಜಲಾರದು ಎಂದು ಒಂದು ಮಿತಿ ಇಟ್ಟು, ಅದನ್ನು ಮೀರಿದ ಬಿಂದುಗಳನ್ನೆಲ್ಲ ಪ್ರೋಗ್ರಾಮ್ ಕಿತ್ತುಹಾಕುತ್ತಿತ್ತು. ಅದನ್ನು ಬರೆದವಳು ನಾನೇ. ಒಂದು ಮಧ್ಯಾಹ್ನ ಪ್ರೊಫೆಸರ್ ನನ್ನ ಹಿಂದೆ ನಿಂತು, ಕಿತ್ತುಹಾಕಿದ ಬಿಂದುಗಳನ್ನಷ್ಟೇ ತೋರಿಸು ಎಂದರು. ತೋರಿಸಿದೆ. ಅವು ಯಾವ ದಿನಗಳವು ಎಂದು ಕೇಳಿದರು. ನೋಡಿದೆ. ಹೆಚ್ಚಿನವು ಬಿರುಗಾಳಿಯ ದಿನಗಳವು. ದೊಡ್ಡ ಅಲೆಗಳಲ್ಲಿ ಉಪಗ್ರಹಕ್ಕೆ ಮರಿ ಸರಿಯಾಗಿ ಸಿಗುವುದಿಲ್ಲ, ಹಾಗಾಗಿ ಅವು ತಪ್ಪು ಬಿಂದುಗಳೇ ಇರಬಹುದು. ಅಥವಾ ಗಾಳಿ ಮರಿಯನ್ನು ನಿಜಕ್ಕೂ ಅಷ್ಟು ದೂರ ಎಸೆದಿರಬಹುದು. ನಾವು ಹುಡುಕುತ್ತಿದ್ದುದನ್ನೇ ಕಸದ ಜೊತೆ ಗುಡಿಸುತ್ತಿದ್ದೆವೋ ಏನೋ. ಅವರು ನನ್ನನ್ನು ಬೈಯಲಿಲ್ಲ. ಎಲ್ಲರೂ ಹಾಗೇ ಮಾಡುತ್ತಿದ್ದುದು. ಇನ್ನು ಮೇಲೆ ತೆಗೆಯಬೇಡ, ಪಕ್ಕದಲ್ಲಿ ಗುರುತು ಹಾಕಿ ಇಟ್ಟುಕೋ ಎಂದರು.

ಮಗಳು ಎರಡು ಸಾವಿರದ ಇಸವಿಯ ಕೊನೆಯಲ್ಲಿ ಆಸ್ಟಿನ್‌ನಲ್ಲಿ ಹುಟ್ಟಿದಳು. ಅತ್ತೆ ಮೈಸೂರಿನಿಂದ ಬಂದು ಬಾಣಂತನ ಮಾಡಿದರು. ಅವರ ವೀಸಾ ಆರು ತಿಂಗಳದ್ದು. ಅಷ್ಟರಲ್ಲಿ ಗಂಡನ ಆಸ್ಟಿನ್ ಕಂಪನಿ ಮುಚ್ಚಿ, ಅವರಿಗೆ ಹ್ಯೂಸ್ಟನ್‌ನಲ್ಲಿ, ತೈಲ ಕಂಪನಿಗಳಿರುವ ಎನರ್ಜಿ ಕಾರಿಡಾರ್‌ನಲ್ಲಿ ಕೆಲಸ ಸಿಕ್ಕಿ ವಾರಕ್ಕೊಮ್ಮೆ ಬಂದುಹೋಗುವ ಹಾಗಾಯಿತು. ನನಗೆ ಪರೀಕ್ಷೆಗಳಿದ್ದವು, ಲ್ಯಾಬ್ ಇತ್ತು. ಅತ್ತೆ ಹೊರಡುವಾಗ ಮಗುವನ್ನೂ ಕರೆದುಕೊಂಡು ಹೋಗುವುದೆಂದು ತೀರ್ಮಾನವಾಯಿತು. ಯಾರು ತೀರ್ಮಾನಿಸಿದ್ದು ಎಂದು ಕೇಳಿದರೆ ಹೇಳಲಾರೆ. ನಮ್ಮ ಕಾಂಪ್ಲೆಕ್ಸಿನಲ್ಲಿ ಹಾಗೆ ಕಳಿಸಿದವರು ಬೇರೆಯವರೂ ಇದ್ದರು. ಕಾರನ್ನು ಸರ್ವೀಸಿಗೆ ಬಿಟ್ಟಿದ್ದೇವೆ ಎನ್ನುವ ಹಾಗೆ, ಪಾಪು ಅಜ್ಜಿ ಹತ್ರ ಇದೆ ಎನ್ನುತ್ತಿದ್ದರು. ಕೇಳಿದವರು ತಲೆಯಾಡಿಸಿ ಬೇರೆ ಮಾತಿಗೆ ಹೋಗುತ್ತಿದ್ದರು.

ಹೊರಡುವ ಮುಂಚೆ ಹಾಲು ಬಿಡಿಸಬೇಕಿತ್ತು. ಊರಿನಲ್ಲಾದರೆ ಬೇವಿನೆಲೆ ಅರೆದು ಹಚ್ಚಿಕೊಳ್ಳುತ್ತಾರೆ. ಅತ್ತೆ ಇಂಡಿಯನ್ ಸ್ಟೋರಿನಲ್ಲಿ ಬೇವಿನ ಪುಡಿ ಹುಡುಕಿ ತಂದು ನೀರಿನಲ್ಲಿ ಕಲಸಿ ಕೊಟ್ಟರು. ಮಗು ಒಂದು ಸಲ ಬಾಯಿಟ್ಟು, ಮುಖ ಹಿಂದಕ್ಕೆ ಎಳೆದುಕೊಂಡು, ನನ್ನನ್ನು ನೋಡಿತು. ಅಳಲಿಲ್ಲ. ಅವರು ವಿಮಾನ ಹತ್ತಿದ ಮೇಲೆ ನಾನು ಲ್ಯಾಬಿಗೆ ಹೋದೆ. ಕೆಲವು ವಾರ ಬ್ಲೌಸಿನೊಳಗೆ ಬಟ್ಟೆ ಮಡಿಸಿಟ್ಟುಕೊಳ್ಳಬೇಕಾಯಿತು, ಆಮೇಲೆ ಅದೂ ನಿಂತಿತು.

ಆ ದಿನಗಳ ಒಂದು ನೆನಪು ನನಗೆ ಅನುಮಾನದ್ದು. ಪ್ರೊಫೆಸರ್ ಲ್ಯಾಬಿನಲ್ಲಿ ಒಂದು ಟೇಪ್ ಹಾಕಿ ಕೇಳಿಸಿದರು. ದಡದ ತುಂಬ ಸಾವಿರಗಟ್ಟಲೆ ಸೀಲ್‌ಗಳ ಗದ್ದಲ, ಕುರಿಮಂದೆಯ ಹಾಗೆ. ಈ ಗದ್ದಲದಲ್ಲಿ ತಾಯಿ ಮತ್ತು ಮರಿ ಒಂದನ್ನೊಂದು ದನಿಯಿಂದ ಗುರುತಿಸುತ್ತವೆ ಎಂದರು. ಎಷ್ಟು ದಿನದವರೆಗೆ ನೆನಪಿಟ್ಟುಕೊಳ್ಳುತ್ತವೆ ಎಂದು ನಾನು ಕೇಳಿದೆ. ವರ್ಷಗಟ್ಟಲೆ ಎನ್ನುತ್ತಾರೆ ಎಂದರು. ಇದನ್ನು ಕೇಳಿದ್ದು ಮಗಳನ್ನು ಕಳಿಸುವ ಮೊದಲೋ ಆಮೇಲೋ? ಆಮೇಲೆ ಎಂದು ನೆನಪು ಹೇಳುತ್ತದೆ. ಕಥೆಗೆ ಹೊಂದುತ್ತದೆಂದು ಹಾಗೆ ಹೇಳುತ್ತಿರಲೂಬಹುದು.

ಪ್ರತಿ ಶನಿವಾರ ಸಂಜೆ ಕಾಲಿಂಗ್ ಕಾರ್ಡಿನಿಂದ ಮೈಸೂರಿಗೆ ಫೋನ್ ಮಾಡುತ್ತಿದ್ದೆ. ಅಲ್ಲಿ ಭಾನುವಾರದ ಬೆಳಿಗ್ಗೆ. ಮೊದಲು ಗೋಡೆಗೆ ಮಾತಾಡಿದ ಹಾಗೆ ಇರುತ್ತಿತ್ತು, ಆ ಕಡೆಯಿಂದ ಉಸಿರು ಮಾತ್ರ. ಆಮೇಲೆ ಒಂದೊಂದೇ ಮಾತು ಬಂತು. ಅವಳಿಗೆ ಎರಡು ವರ್ಷ ತುಂಬುವ ಹೊತ್ತಿಗೆ ನಮ್ಮ ಸಂಭಾಷಣೆಗೆ ಒಂದು ಕ್ರಮ ಆಗಿತ್ತು. ಅವಳು ಏನು ತಿಂದಳೆಂದು ಹೇಳುವಳು. ನಾನು ಹೂಂ ಎನ್ನುವೆ. ಆಮೇಲೆ ಅತ್ತೆ ಹೇಳಿಕೊಟ್ಟ ಪ್ರಶ್ನೆ: ‘ಅಮ್ಮಾ, ಅಲ್ಲಿ ಮಳೆ ಬಂತಾ?’ ದೊಡ್ಡವರು ಟ್ರಂಕ್‌ಕಾಲಿನಲ್ಲಿ ಕೇಳುತ್ತಿದ್ದುದು ಅದನ್ನೇ. ನಾನು ಬಂತು ಎಂದೋ ಇಲ್ಲ ಎಂದೋ ಹೇಳಿ, ಅಲ್ಲಿ ಬಂತಾ ಎನ್ನುವೆ. ಅವಳು ಕಿಟಕಿಯವರೆಗೆ ಓಡಿಹೋಗಿ ನೋಡಿ ಬಂದು ಹೇಳುವಳು. ಕಾರ್ಡಿನ ನಿಮಿಷಗಳು ಅಷ್ಟರಲ್ಲಿ ಹೋಗುತ್ತಿದ್ದವು, ಆದರೂ ಕಾಯುತ್ತಿದ್ದೆ. ಅವಳ ಕಾಲುಗಳ ಶಬ್ದ ದೂರವಾಗಿ ಹತ್ತಿರವಾಗುತ್ತಿತ್ತು.

ಅತ್ತೆ ಒಂದು ದಿನ ನಗುತ್ತಾ ಹೇಳಿದರು. ಅಮ್ಮ ಎಲ್ಲಿ ಎಂದು ಪಕ್ಕದ ಮನೆಯವರು ಕೇಳಿದರೆ ಪುಟ್ಟಿ ಫೋನಿನ ಮೇಲಿನ ಕ್ರೋಶಾ ಬಟ್ಟೆ ತೆಗೆದು ತೋರಿಸುತ್ತಾಳೆ. ಹೋದ ವಾರ ರಿಸೀವರಿನ ತೂತುಗಳಿಗೆ ಮೊಸರನ್ನ ತುರುಕಿ, ಅಮ್ಮಂಗೆ ಊಟ ಎಂದಳಂತೆ. ಲೈನ್‌ಮನ್ ಬಂದು ಬಿಚ್ಚಿ ತೊಳೆದು ಕೊಟ್ಟ. ಗಂಡ ಇದನ್ನು ಆಫೀಸಿನಲ್ಲೆಲ್ಲ ಹೇಳಿಕೊಂಡು ನಕ್ಕರು. ನಾನೂ ನಕ್ಕೆನಂತೆ.

ಎರಡು ಸಾವಿರದ ಮೂರರಲ್ಲಿ ನನ್ನ ಓದು ಮುಗಿಯಲು ಬಂತು. ಹ್ಯೂಸ್ಟನ್ ಪಕ್ಕದ ಶುಗರ್ ಲ್ಯಾಂಡ್‌ನಲ್ಲಿ ಅಪಾರ್ಟ್‌ಮೆಂಟ್ ಹಿಡಿದೆವು, ಮೂವರೂ ಒಂದೇ ಕಡೆ ಇರಬಹುದು ಎಂದು. ಮೇ ತಿಂಗಳಲ್ಲಿ ಅತ್ತೆ ಮಗುವನ್ನು ಕರೆತರುವುದೆಂದಾಯಿತು. ಈ ಸಲ ಅವರು ಇರುವುದು ಕೆಲವೇ ವಾರ. ನಾದಿನಿಗೆ ದಿನ ತುಂಬುತ್ತಿತ್ತು, ಆ ಬಾಣಂತನಕ್ಕೆ ವಾಪಸಾಗಬೇಕು. ಹೊರಡುವ ಮುಂಚಿನ ಫೋನಿನಲ್ಲಿ ಅವರು ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ.

‘ನೋಡು ಕಣೇ, ಬೇಜಾರು ಮಾಡ್ಕೋಬೇಡ. ಅವಳಿಗೂ ವಾಪಸ್ ಟಿಕೆಟ್ ಮಾಡ್ಸಿದೀನಿ. ನಿನ್ ಹತ್ರ ಹೊಂದಿಕೊಂಡ್ಳಾ, ಬಿಟ್ ಹೋಗ್ತೀನಿ. ಇಲ್ವಾ, ಮಗೂನ ಅಳಿಸಿ ಬಿಟ್ ಬರೋಕೆ ನನ್ ಕೈಲಾಗಲ್ಲ. ಬಂದ ಕೂಡ್ಲೇ ಎತ್ಕೊಳ್ಳೋಕ್ ಹೋಗ್ಬೇಡ, ಹೆದರ್ಕೋತಾಳೆ.’

ಸರಿ ಅತ್ತೆ ಎಂದೆ. ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಅವರು ಫ್ರಾಂಕ್‌ಫರ್ಟ್‌ನಿಂದ ಡಲ್ಲಾಸ್‌ಗೆ ಬಂದು ಅಲ್ಲಿ ಇನ್ನೊಂದು ವಿಮಾನ ಹಿಡಿದು ಹ್ಯೂಸ್ಟನ್‌ಗೆ ಬರುವುದಿತ್ತು. ಇಂಗ್ಲಿಷ್ ಬರದ ಅತ್ತೆಗೆ ನಮ್ಮವರೆಲ್ಲ ಮಾಡುವ ಏರ್ಪಾಡನ್ನೇ ಮಾಡಿದ್ದೆವು: ವೀಲ್‌ಚೇರ್. ಅತ್ತೆ ಬೆಳಿಗ್ಗೆ ಎದ್ದು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಬರುವವರು. ಆದರೆ ಗಾಲಿಕುರ್ಚಿಯಲ್ಲಿ ಕುಳಿತರೆ ಯಾರೋ ತಳ್ಳಿಕೊಂಡು ಹೋಗಿ ಇಮಿಗ್ರೇಷನ್ ದಾಟಿಸಿ ಸರಿಯಾದ ಗೇಟಿಗೆ ತಲುಪಿಸುತ್ತಾರೆ, ಮಾತಿನ ಕೆಲಸವಿಲ್ಲ. ಏನೇ ಆದರೂ ನಾನು ಬರುವವರೆಗೆ ಕುರ್ಚಿಯಿಂದ ಏಳಬೇಡ ಎಂದು ಮಗ ತಾಯಿಗೆ ಹೇಳಿದ್ದರು.

ನಾನು ಹಿಂದಿನ ದಿನವೇ ಆಸ್ಟಿನ್‌ನಿಂದ ಹ್ಯೂಸ್ಟನ್‌ಗೆ ಬಂದಿದ್ದೆ. ಶನಿವಾರ. ಬೆಳಿಗ್ಗೆಯೇ ಮೆಕ್ಸಿಕೋ ಕೊಲ್ಲಿಯ ಕಡೆಯ ತೇವದ ಗಾಳಿ ಬೀಸುತ್ತಿತ್ತು. ಪಶ್ಚಿಮದಿಂದ ಒಣ ಗಾಳಿ ಬಂದು ತಗುಲಿದರೆ ಗುಡುಗು ಬಿರುಮಳೆ ಎಂದು ನನಗೆ ಗೊತ್ತಿತ್ತು. ಏರ್‌ಪೋರ್ಟ್ ತಲುಪುವಾಗ ಬೋರ್ಡಿನಲ್ಲಿ ಡಲ್ಲಾಸ್‌ನ ವಿಮಾನಗಳ ಎದುರಿಗೆಲ್ಲ ‘ರದ್ದು’ ಎಂದಿತ್ತು. ಗಂಡನ ಸೆಲ್‌ಫೋನ್ ಬಡಿಯಿತು. ಡಲ್ಲಾಸ್‌ನಿಂದ ಏರ್‌ಲೈನಿನ ಹೆಂಗಸು. ನಿಮ್ಮ ತಾಯಿ ಮತ್ತು ಒಂದು ಮಗು ಇಲ್ಲಿದ್ದಾರೆ, ಇವತ್ತು ಇನ್ನು ಯಾವ ವಿಮಾನವೂ ಹೊರಡುವುದಿಲ್ಲ, ಹೋಟೆಲಿನ ಬಸ್ಸಿಗೆ ಬನ್ನಿ ಎಂದರೆ ನಿಮ್ಮ ತಾಯಿ ಕುರ್ಚಿಯ ಕೈ ಹಿಡಿದುಕೊಂಡು ಏಳುತ್ತಿಲ್ಲ ಎಂದಳು.

ಡಲ್ಲಾಸ್‌ನಲ್ಲಿ ನಮಗೆ ಗೊತ್ತಿದ್ದವರೆಲ್ಲ ಊರು ಬಿಟ್ಟಿದ್ದರು. ಒಂದು ಯುಗಾದಿ ಊಟದಲ್ಲಿ ಪರಿಚಯವಾಗಿದ್ದ ಧಾರವಾಡದ ದಂಪತಿಯ ನಂಬರು ಗಂಡನ ಬಳಿ ಇತ್ತು. ಅಂಕಲ್‌ಗೆ ಪ್ರಿಂಟಿಂಗ್ ಅಂಗಡಿ, ಆಂಟಿ ಅದರ ಲೆಕ್ಕ ನೋಡುವವರು. ಮತ್ತೆ ಭೇಟಿಯಾಗಿರಲಿಲ್ಲ. ಫೋನ್ ಮಾಡಿದರೆ, ಪೂರ್ತಿ ಹೇಳುವ ಮೊದಲೇ ಆಂಟಿ, ಯಾವ ಟರ್ಮಿನಲ್ ಹೇಳ್ರಿ ಸಾಕು ಎಂದರಂತೆ. ನಾವು ಕಾರು ಹತ್ತಿ ಉತ್ತರಕ್ಕೆ ಹೊರಟೆವು.

ನಾಲ್ಕು ಗಂಟೆಯ ದಾರಿ ಅವತ್ತು ಇನ್ನೂ ಉದ್ದವಾಯಿತು. ವೈಪರ್‌ಗಳು ಸಾಲುತ್ತಿರಲಿಲ್ಲ. ಮುಂದಿನ ಟ್ರಕ್ಕಿನ ಕೆಂಪು ದೀಪವನ್ನು ಹಿಡಿದುಕೊಂಡು ಹೋಗುತ್ತಿದ್ದೆವು. ಹಿಂದಿನ ಸೀಟಿನಲ್ಲಿ ಮಗುವಿಗೆಂದು ಕೊಂಡ ಹೊಸ ಕಾರ್‌ಸೀಟು, ಮೇಲಿನ ಪ್ಲಾಸ್ಟಿಕ್ ಇನ್ನೂ ತೆಗೆದಿರಲಿಲ್ಲ. ಗಂಡ ಒಮ್ಮೆ, ಗಾಳಿ ಯಾವ ಕಡೆಯಿಂದ ಎಂದು ಕೇಳಿದರು. ಹಾಸ್ಯಕ್ಕೆ ಕೇಳಿದ್ದಿರಬೇಕು. ನಾನು ಕಿಟಕಿಯ ಆಚೆ ಹುಲ್ಲು ವಾಲಿದ್ದನ್ನು ನೋಡಿ ವಾಯವ್ಯದಿಂದ ಎಂದೆ.

ಅರ್ಧದಾರಿಯಲ್ಲಿ ಆಂಟಿಯ ಫೋನ್ ಬಂತು. ಏರ್‌ಲೈನಿನವರು ಅತ್ತೆಯನ್ನು ಹೊರಗಿನ ಬಾಗಿಲವರೆಗೆ ತಳ್ಳಿಕೊಂಡು ಬಂದಿದ್ದರು. ಆದರೆ ಕಾರಿಗೆ ಹತ್ತಲು ಅತ್ತೆ ಒಪ್ಪುತ್ತಿರಲಿಲ್ಲ. ಹಿಂದಿನಿಂದ ಅವರ ದನಿ ನನಗೂ ಕೇಳಿಸಿತು: ‘ಮಗ ಹೇಳಿದಾನೆ, ಅವನು ಬರೋವರ್ಗೂ ಏಳ್ಬೇಡ ಅಂತ. ನೀವು ಯಾರೋ ಏನೋ ತಾಯಿ, ತಪ್ಪು ತಿಳ್ಕೋಬೇಡಿ.’ ಆಂಟಿ ಫೋನನ್ನು ಅವರ ಕಿವಿಗೆ ಹಿಡಿದರು. ಗಂಡ ಒಂದೇ ಮಾತು ಹೇಳಿದರು, ‘ಅಮ್ಮ, ಏಳು.’ ಎದ್ದರಂತೆ. ಅಷ್ಟು ಹೊತ್ತೂ ಟಾಯ್ಲೆಟ್ಟಿಗೂ ಎದ್ದಿರಲಿಲ್ಲ, ಮಗುವನ್ನು ತೊಡೆಯಿಂದ ಇಳಿಸಿರಲಿಲ್ಲ.

ಡಲ್ಲಾಸ್‌ನ ಉತ್ತರದ ಆ ಮನೆಯನ್ನು ತಲುಪಿದಾಗ ಇನ್ನೂ ಬೆಳಕಿತ್ತು. ಆಂಟಿ ಬಾಗಿಲು ತೆರೆದರು.

‘ಬರ್ರಿ, ಬರ್ರಿ. ಅಜ್ಜಿ ಆರಾಮ್ ಅದಾರ, ಮೊಮ್ಮಗಳೂ ಆರಾಮ್ ಅದಾಳ. ನಿಮ್ಮತ್ತಿಯವರನ್ನ ಆ ಕುರ್ಚಿ ಬಿಟ್ಟು ಎಬ್ಬಸೂದರಾಗ ನನಗ ಸಾಕಾಗಿ ಹೋತು ನೋಡ್ರಿ.’

ಅಂಕಲ್ ಸೋಫಾದಿಂದಲೇ ನನ್ನ ಕಡೆ ತಿರುಗಿದರು. ‘ಗಾಳಿ ಮಳಿ ಲೆಕ್ಕ ಇಡಾವ್ರು ನೀವೇ ಅಲ್ಲೇನ್ರಿ? ಇವತ್ತ ಹಿಂಗ ಆಗ್ತದ ಅಂತ ಮೊದಲ ಹೇಳಬೇಕಿಲ್ರಿ?’

‘ನಮ್ಮದು ಅಲಾಸ್ಕಾ ಕಡೆ ಗಾಳಿ ಅಂಕಲ್’ ಎಂದೆ. ಅವರು ನಕ್ಕರು. ನಾನು ಹಾಗೆ ಹೇಳುತ್ತಲೇ ಊಟದ ಮೇಜಿನ ಕೆಳಗೆ ಎರಡು ಶೂಗಳನ್ನು ನೋಡುತ್ತಿದ್ದೆ. ಬಿಳಿ ಶೂ, ಎಡದ್ದರ ಪಟ್ಟಿ ಬಿಚ್ಚಿತ್ತು. ಅವುಗಳಲ್ಲಿ ಕಾಲುಗಳಿದ್ದವು. ಮಗಳನ್ನು ನಾನು ಕಂಡದ್ದು ಮೊದಲು ಹಾಗೆ. ಏನನ್ನಿಸಿತು ಎಂದು ಈಗ ಎಷ್ಟು ಕೆದಕಿದರೂ ಆ ಬಿಚ್ಚಿದ ಪಟ್ಟಿಯೇ ಬರುತ್ತದೆ.

ಅತ್ತೆ ಅವಳನ್ನು ಮೇಜಿನ ಕೆಳಗಿನಿಂದ ಎಳೆದು ತಂದರು. ಫೋಟೋಗಳಲ್ಲಿ ಕಂಡದ್ದಕ್ಕಿಂತ ಉದ್ದವಾಗಿದ್ದಳು. ಕೈಯಲ್ಲಿ ಅರ್ಧ ತಿಂದ ಬಾಳೆಹಣ್ಣು.

‘ಪುಟ್ಟೀ, ಇವ್ಳೇ ಕಣೇ ಅಮ್ಮ. ನೋಡು, ಅಮ್ಮ ಬಂದಿದಾಳೆ.’

ಅವಳು ನನ್ನನ್ನು ನೋಡಿದಳು. ದೊಡ್ಡವರು ತಪ್ಪು ಹೇಳಿದಾಗ ಮಕ್ಕಳು ನೋಡುವ ಹಾಗೆ. ಆಮೇಲೆ ಬಾಳೆಹಣ್ಣಿನ ಕೈಯನ್ನೇ ಎತ್ತಿ ಅಡುಗೆಮನೆಯ ಕಟ್ಟೆಯ ಮೇಲಿದ್ದ ಫೋನನ್ನು ತೋರಿಸಿ, ‘ಅಮ್ಮ ಅಲ್ಲಿ’ ಎಂದಳು.

ಯಾರೂ ನಗಲಿಲ್ಲ. ಗಂಡ ಮುಂದೆ ಹೋಗಿ ಎತ್ತಿಕೊಳ್ಳಲು ನೋಡಿದರು. ಅವಳು ಕಿರುಚಿ ಅಜ್ಜಿಯ ಸೆರಗಿನೊಳಗೆ ಹೊಕ್ಕಳು. ಆಂಟಿ ಟೀ ತಂದರು. ಬೆಳಿಗ್ಗೆ ಎದ್ದು ಹ್ಯೂಸ್ಟನ್‌ಗೆ ಹೊರಟರೆ ಕಾರ್‌ಸೀಟಿನಲ್ಲಿ ಕಟ್ಟಿ ಕೂರಿಸಬೇಕು, ಅಷ್ಟು ದೂರ ಹೇಗೆ ಅಳಿಸಿಕೊಂಡು ಹೋಗುವುದು ಎಂದು ಗಂಡ ಕೇಳಿದರು. ಅತ್ತೆ ಸೆರಗಿನ ಮೇಲಿಂದಲೇ ಅವಳ ಬೆನ್ನು ತಟ್ಟುತ್ತಾ ನನ್ನ ಮುಖ ನೋಡಲಿಲ್ಲ. ಇಬ್ಬರ ತಲೆಯಲ್ಲೂ ಆ ವಾಪಸ್ ಟಿಕೆಟ್ಟೇ ಇತ್ತು. ಹೀಗೇ ಹೋದರೆ ಕೆಲವು ವಾರಗಳಲ್ಲಿ ಅವಳು ಬಂದ ದಾರಿಯಲ್ಲೇ ಮೈಸೂರಿಗೆ ವಾಪಸು ಹೋಗುತ್ತಾಳೆ. ಆಮೇಲೆ ಯಾವಾಗ ಎಂದು ಯಾರೂ ಹೇಳಲಾರರು. ನಾನು ಟೀ ಕುಡಿದೆ. ಸಕ್ಕರೆ ಹೆಚ್ಚಿತ್ತು.

ಇಲ್ಲಿಂದ ಮುಂದಿನದರಲ್ಲಿ ಮೂವರ ನೆನಪೂ ಬೇರೆ ಬೇರೆ. ಫೋನ್ ಮಾಡುವ ಯೋಚನೆ ನನ್ನದೇ ಎಂದು ನನ್ನ ನೆನಪು. ಗಂಡ ಹೇಳುವಂತೆ ಅದನ್ನು ಹೇಳಿದ್ದು ಆಂಟಿ: ‘ಅಕಿಗೆ ಫೋನಿನ್ಯಾಗಿನ ಅಮ್ಮ ಬೇಕು, ನೀವು ಫೋನಿನ್ಯಾಗ ಬರ್ರೆಲ್ಲಾ.’ ಅತ್ತೆಯ ಪ್ರಕಾರ ಪುಟ್ಟಿಯೇ ಏರ್‌ಪೋರ್ಟಿನಿಂದ ಅಮ್ಮಂಗೆ ಫೋನ್ ಮಾಡು ಎಂದು ಹಟ ಹಿಡಿದಿದ್ದಳು, ಶನಿವಾರ ಫೋನಿನ ದಿನವೆಂದು ಮಗುವಿಗೆ ಹೇಗೋ ಗೊತ್ತಾಗಿತ್ತು. ಇದನ್ನು ನಾನು ನಂಬುವುದಿಲ್ಲ. ಅವಳ ಪಾಲಿಗೆ ಫೋನಿನ ದಿನ ಶನಿವಾರವೇ ಆಗಿರಲಿಲ್ಲ, ಭಾನುವಾರ.

ಗಂಡನ ಸೆಲ್‌ಫೋನ್ ತೆಗೆದುಕೊಂಡು ನಾನು ಹಿತ್ತಲಿಗೆ ಹೋದೆ. ಮನೆಗೂ ಹಿತ್ತಲಿಗೂ ನಡುವೆ ಸರಿಸುವ ಗಾಜಿನ ಬಾಗಿಲು, ಅದಕ್ಕೆ ಪರದೆ ಎಳೆದಿತ್ತು. ಬಾಗಿಲು ಮುಚ್ಚಿ, ಆಂಟಿ ಹೇಳಿದ ನಂಬರು ಒತ್ತಿದೆ. ಒಳಗೆ ಫೋನ್ ಬಡಿಯುವುದು ಗಾಜಿನಾಚೆಯಿಂದ ಕೇಳಿಸಿತು. ಅದು ಕೈಯಲ್ಲಿ ಹಿಡಿದು ಓಡಾಡಬಹುದಾದ, ತಂತಿ ಇಲ್ಲದ ಫೋನು. ಯಾರೋ ಎತ್ತಿ ಅವಳಿಗೆ ಕೊಟ್ಟರು. ಉಸಿರು.

‘ಪುಟ್ಟೀ’ ಎಂದೆ.

‘ಅಮ್ಮಾ’ ಎಂದಳು. ಪ್ರತಿ ವಾರದ ಅದೇ ದನಿ. ಬಾಳೆಹಣ್ಣು ತಿಂದೆ ಎಂದಳು. ಹೂಂ ಎಂದೆ. ಬಿಸ್ಕತ್ತು ತಿಂದೆ. ಹೂಂ. ಫೋನಿನಲ್ಲಿ ಬರುವ ದನಿಗೂ ಗಾಜು ದಾಟಿ ಬರುವ ದನಿಗೂ ನಡುವೆ ಚೂರು ಅಂತರವಿತ್ತು. ಮೈಸೂರಿನ ಲೈನಿನಲ್ಲಿ ನನ್ನದೇ ದನಿ ಮರಳಿ ಬರುತ್ತಿದ್ದ ಹಾಗೆ.

‘ಅಮ್ಮಾ, ಅಲ್ಲಿ ಮಳೆ ಬಂತಾ?’

‘ಬಂತು. ಅಲ್ಲಿ ಬಂತಾ?’

ಕಾಲುಗಳ ಶಬ್ದ. ಈ ಸಲ ಫೋನ್ ಅವಳ ಕೈಯಲ್ಲೇ ಇತ್ತು, ಹಾಗಾಗಿ ಶಬ್ದ ದೂರವಾಗಲಿಲ್ಲ. ಪರದೆ ಒಂದು ಕಡೆ ಅಲ್ಲಾಡಿ, ಕೆಳಗಿನ ಮೂಲೆಯಿಂದ ಅವಳ ಮುಖ ಬಂತು. ಆಕಾಶ ನೋಡಿದಳು. ಆಮೇಲೆ ನನ್ನನ್ನು.

‘ಬಂತು’ ಎಂದು ಫೋನಿಗೆ ಹೇಳಿದಳು. ದನಿ ತಗ್ಗಿಸಿ, ‘ಅಮ್ಮಾ, ಇಲ್ಲೊಬ್ರು ಆಂಟಿ ಇದಾರೆ.’

‘ಏನ್ ಮಾಡ್ತಿದಾರೆ?’

‘ಫೋನಲ್ಲಿ ಮಾತಾಡ್ತಿದಾರೆ.’ ನನ್ನ ಬಾಯನ್ನೇ ನೋಡುತ್ತಿದ್ದಳು. ‘ನೆನೀತಿದಾರೆ.’

‘ಒಳಗೆ ಕರೀತೀಯಾ ಅವ್ರನ್ನ?’ ಎಂದೆ.

ಅವಳು ಫೋನನ್ನು ಕಿವಿಯಿಂದ ತೆಗೆದು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಕಿವಿಗಿಟ್ಟುಕೊಂಡಳು. ಬಾಗಿಲಿನ ಹಿಡಿ ಅವಳಿಗೆ ಎಟುಕುತ್ತಿರಲಿಲ್ಲ. ‘ಅಜ್ಜೀ, ಬಾಗ್ಲು’ ಎಂದಳು.

ಅವಳು ಆ ಸಂಜೆ ನನ್ನ ಬಳಿ ಓಡಿ ಬರಲಿಲ್ಲ, ತಬ್ಬಿಕೊಳ್ಳಲೂ ಇಲ್ಲ. ಒಳಗೆ ಬಂದ ಆ ‘ಆಂಟಿ’ಯಿಂದ, ಅಂದರೆ ನನ್ನಿಂದ, ಒಂದು ಮಾರು ದೂರ ಕುಳಿತು ಫೋನಿನಲ್ಲಿ ಅಮ್ಮನ ಜೊತೆ ಮಾತಾಡಿದಳು. ನಾನು ಒಂದು ಮಾರು ದೂರದಿಂದ ಉತ್ತರ ಕೊಟ್ಟೆ. ಮರುದಿನ ಕಾರ್‌ಸೀಟಿನಲ್ಲಿ ಧಾರವಾಡದ ಆಂಟಿ ಕೊಟ್ಟ ಹಳೆಯ ಕೆಟ್ಟ ಫೋನೊಂದನ್ನು ಹಿಡಿದು ಕುಳಿತಳು. ನಾನು ಮುಂದಿನ ಸೀಟಿನಿಂದ, ಹಿಂದೆ ತಿರುಗದೆ, ಮಾತಾಡುತ್ತಾ ಹೋದೆ. ಶುಗರ್ ಲ್ಯಾಂಡ್‌ನಲ್ಲೂ ಹಾಗೇ ನಡೆಯಿತು, ನಾನು ಮಲಗುವ ಕೋಣೆಯಿಂದ ಹಾಲ್‌ಗೆ ಫೋನ್ ಮಾಡುವುದು. ಅತ್ತೆ ವಾಪಸು ಹೊರಟಾಗ ಒಬ್ಬರೇ ಹೋದರು, ಮತ್ತೆ ವೀಲ್‌ಚೇರಿನಲ್ಲಿ. ಪುಟ್ಟಿ ಕುರ್ಚಿಯ ಹಿಂದೆ ಓಡಿ, ಅತ್ತು, ತಿರುಗಿ ಬಂದು ನನ್ನ ಕಾಲು ಹಿಡಿದಳು. ಹಿಡಿಯಲು ಹತ್ತಿರದಲ್ಲಿ ನಾನೇ ಇದ್ದೆ. ಅದಕ್ಕಿಂತ ಹೆಚ್ಚಿನ ಅರ್ಥ ಹಚ್ಚಲು ನನಗೆ ಧೈರ್ಯವಿಲ್ಲ.

ಆ ಫೋನುಗಳು ಯಾವಾಗ ನಿಂತವೋ ಗೊತ್ತಿಲ್ಲ. ಡೈರಿಯಲ್ಲಿ ಇಲ್ಲ. ಮಗಳು ಇದನ್ನೆಲ್ಲ ಕೇಳಿ, ನೀನೇ ಕಟ್ಟಿದ ಕಥೆ ಎಂದು ಇಂಗ್ಲಿಷಿನಲ್ಲಿ ನಗುತ್ತಾಳೆ.

ಇರಬಹುದು. ಯಾಕೆಂದರೆ ಒಂದು ವಿಷಯ ಸರಿಹೊಂದುತ್ತಿಲ್ಲ. ಹವಾಮಾನವನ್ನು ನಂಬಬಹುದು ಎಂದು ಮೊದಲೇ ಹೇಳಿದೆ. ಸಂಜೆ ಡಲ್ಲಾಸ್‌ನಲ್ಲಿ ಮಳೆ ನಿಂತಿತ್ತು, ನನ್ನದೇ ಕೈಬರಹ, ಅದೇ ದಿನದ ಶಾಯಿ. ಹಾಗಿದ್ದರೆ ಹಿತ್ತಲಿನಲ್ಲಿ ನಾನು ನೆನೆಯುತ್ತಿರಲಿಲ್ಲ. ಗಾಜಿನ ಆಚೆಯಿಂದ ಅವಳು ‘ನೆನೀತಿದಾರೆ’ ಎಂದಿರಲಾರಳು. ಆದರೆ ಆ ಮಾತು ಎರಡು ಸಲ, ಒಮ್ಮೆ ಕಿವಿಯಲ್ಲಿ, ಒಮ್ಮೆ ಗಾಜು ದಾಟಿ, ಚೂರು ಅಂತರದಲ್ಲಿ ಕೇಳಿಸಿದ್ದು ನನಗೆ ನೆನಪಿದೆ. ಎಡ ತೋಳು ಒದ್ದೆಯಾಗಿದ್ದುದೂ ನೆನಪಿದೆ.

ಆ ಮಾತಿನ ಪಕ್ಕದಲ್ಲಿ ಒಂದು ಗುರುತು ಹಾಕಿ ಇಟ್ಟುಕೊಂಡಿದ್ದೇನೆ. ತೆಗೆದಿಲ್ಲ.